ಮಲೆನಾಡಿನ ಪಿಕಪ್‌ಗೆ ಫಾಗ್ ಲ್ಯಾಂಪ್, ಬಂಪರ್, ಲಿಫ್ಟ್: ಯಾವುದು ಮೊದಲು, ಯಾವುದು ಎಷ್ಟು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದವರು ಇಸುಜು ವಿ-ಕ್ರಾಸ್ ಅಥವಾ ಟೊಯೋಟಾ ಹೈಲಕ್ಸ್ ಪಿಕಪ್ ಕೊಂಡ ಮೇಲೆ, ಮೊದಲ ಮಳೆಗಾಲ ಬರುವಷ್ಟರಲ್ಲಿ ಮೂರು ವಸ್ತುಗಳನ್ನು ವಿಚಾರಿಸತೊಡಗುತ್ತಾರೆ: ಮುಂದಕ್ಕೊಂದು ಕಬ್ಬಿಣದ ಬಂಪರ್, ಗಾಡಿಯನ್ನು ಎರಡಿಂಚು ಎತ್ತರಿಸುವ ಲಿಫ್ಟ್ ಕಿಟ್, ಕೊನೆಗೆ ಬಂಪರಿನ ಮೇಲೆ ಕೂರಿಸಲು ಒಂದು ಜೊತೆ ದೀಪ. ಅಂಗಡಿಯವರು ತೋರಿಸುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ದೀಪ ಮೊದಲು, ಸ್ಪ್ರಿಂಗ್ ಆಮೇಲೆ, ಬಂಪರ್ ಬೇಕೇಬೇಕಾದರೆ ಕೊನೆಗೆ. ಈ ಮೂರೂ ಬಿಡಿ ಸಾಮಾನುಗಳಂತೆ ಕಂಡರೂ ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ಬದಲಾಗುತ್ತದೆ: ಬಂಪರಿನ ತೂಕ ಸ್ಪ್ರಿಂಗನ್ನು ಕುಗ್ಗಿಸುತ್ತದೆ, ಸ್ಪ್ರಿಂಗ್ ಬದಲಾದರೆ ದೀಪದ ನೋಟ ಏರುತ್ತದೆ.

ದೀಪದ ವಿಷಯದಲ್ಲಿ ನಾನೇ ಮಾಡಿದ ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಬಾನೆಟ್ಟಿನ ಮಟ್ಟದಲ್ಲಿ ಒಂದು ಉದ್ದನೆಯ ಬಿಳಿ ಎಲ್‌ಇಡಿ ಬಾರ್ ಹಾಕಿಸಿಕೊಂಡು ಆಗಸ್ಟ್ ತಿಂಗಳ ಸಂಜೆ ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ, ಮಂಜು ಇಳಿದ ತಿರುವಿನಲ್ಲಿ ಅದರ ಸ್ವಿಚ್ ಒತ್ತಿದೆ. ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದು ನಿಂತಂತಾಯಿತು, ಅದುವರೆಗೆ ಮಸುಕಾಗಿಯಾದರೂ ಕಾಣುತ್ತಿದ್ದ ರಸ್ತೆಯಂಚೂ ಮಾಯವಾಯಿತು. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಬೆಳಕಿನ ಒಂದು ಪಾಲನ್ನು ಅವು ಬಂದ ದಾರಿಗೇ ಹಿಂದಿರುಗಿಸುತ್ತವೆ. ದೀಪ ನಮ್ಮ ಕಣ್ಣಿನ ಮಟ್ಟಕ್ಕೆ ಹತ್ತಿರವಿದ್ದಷ್ಟೂ, ಅದರ ಕಿರಣ ಮೇಲಕ್ಕೆ ಚದುರಿದಷ್ಟೂ ಹಿಂದಿರುಗುವ ಬೆಳಕು ನೇರವಾಗಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮಂಜಿನಲ್ಲಿ ಕೆಲಸಕ್ಕೆ ಬರುವುದು ದೀಪದ ಶಕ್ತಿಯಲ್ಲ. ಅದರ ಎತ್ತರ ಮತ್ತು ಕಿರಣದ ಆಕಾರ.

ಒಳ್ಳೆಯ ಫಾಗ್ ಲ್ಯಾಂಪಿನ ಬೆಳಕು ಮೇಲ್ಭಾಗದಲ್ಲಿ ಚಾಕುವಿನಿಂದ ಕತ್ತರಿಸಿದಂತೆ ನೇರವಾಗಿ ನಿಂತು, ಎಡಬಲಕ್ಕೆ ಅಗಲವಾಗಿ ಹರಡಿ, ಬಿಳಿ ಗೆರೆಯನ್ನೂ ಚರಂಡಿಯ ಅಂಚನ್ನೂ ತೋರಿಸುತ್ತದೆ. ದೂರವನ್ನು ತೋರಿಸುವುದು ಅದರ ಕೆಲಸವೇ ಅಲ್ಲ. ಕೊಳ್ಳುವಾಗ ದೀಪವನ್ನು ಅಂಗಡಿಯ ಗೋಡೆಗೆ ಹಿಡಿದು ಹೊತ್ತಿಸಿ ನೋಡಿ; ಮೇಲಂಚು ಸ್ಪಷ್ಟವಾಗಿರದೆ ಬೆಳಕು ದುಂಡಗೆ ಚದುರಿದರೆ ಅದರ ಪೆಟ್ಟಿಗೆಯ ಮೇಲೆ ಏನೇ ಬರೆದಿದ್ದರೂ ಅದು ಫಾಗ್ ಲ್ಯಾಂಪ್ ಅಲ್ಲ. ಯುರೋಪಿನ ನಿಯಮದಂತೆ ಪರೀಕ್ಷೆಗೊಳಗಾದ ದೀಪದ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರವಿರುತ್ತದೆ, ಜೊತೆಗೆ ಮುಂಭಾಗದ ಫಾಗ್ ಲ್ಯಾಂಪೆಂದು ಸೂಚಿಸುವ ‘ಬಿ’ ಅಥವಾ ‘ಎಫ್3’ ಗುರುತು ಇರುತ್ತದೆ. ಹೆಲ್ಲಾ, ಪಿಯಾ ಮೊದಲಾದ ಹಳೆಯ ಹೆಸರುಗಳ ದೀಪಗಳಲ್ಲೂ ದೂರಕ್ಕೆ ಬೆಳಕು ಚೆಲ್ಲುವ ಡ್ರೈವಿಂಗ್ ಲ್ಯಾಂಪ್ ಬೇರೆ, ಫಾಗ್ ಲ್ಯಾಂಪ್ ಬೇರೆ ಎಂಬುದನ್ನು ಮರೆಯಬಾರದು.

ಹಳದಿಯೋ ಬಿಳಿಯೋ ಎಂಬ ವಾದ ನಮ್ಮ ಕಡೆ ಕಾಫಿ ಅಂಗಡಿಗಳಲ್ಲಿ ಮುಗಿಯುವುದೇ ಇಲ್ಲ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವುದು ಸರಿಯಲ್ಲ. ಬೆಳಕಿನ ಅಲೆಗಳಿಗೆ ಹೋಲಿಸಿದರೆ ಮಂಜಿನ ಹನಿಗಳು ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ ರೀತಿ ಚದುರುತ್ತವೆ. ಆದರೆ ನೀಲಿಯ ಅಂಶ ಹೆಚ್ಚಿರುವ 6000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಬಿಳಿಗಿಂತ 3000 ಕೆಲ್ವಿನ್ ಆಸುಪಾಸಿನ ಹಳದಿ ಕಣ್ಣಿಗೆ ಕಡಿಮೆ ಚುಚ್ಚುತ್ತದೆ. ಎರಡು ಗಂಟೆ ಮಳೆಯಲ್ಲಿ ಓಡಿಸಬೇಕಾದವನಿಗೆ ಅಷ್ಟೇ ಸಾಕಾದ ಕಾರಣ, ಹಾಗಾಗಿ ನನ್ನ ಮತ ಹಳದಿಗೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬು ತುರುಕುವುದನ್ನು ಮಾತ್ರ ಯಾವ ಬಣ್ಣದಲ್ಲೂ ಮಾಡಬೇಡಿ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಒಳಗಿನ ಕನ್ನಡಿಯ ಲೆಕ್ಕ ತಪ್ಪಿ, ಕತ್ತರಿಸಿದಂತಿರಬೇಕಾದ ಮೇಲಂಚು ಕಲಸಿಹೋಗುತ್ತದೆ.

ಕೂರಿಸುವ ಎತ್ತರ ನೆಲದಿಂದ 250 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, 800 ಮಿಲಿಮೀಟರ್ ದಾಟಬಾರದು. ಎರಡೇ ದೀಪ, ಬಿಳಿ ಅಥವಾ ಹಳದಿ. ಹೊಂದಿಸುವಾಗ ಗಾಡಿಯನ್ನು ಸಮತಟ್ಟಾದ ಕಣದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ತಿರುಗಿಸಬೇಕು. ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ವೈರಿಂಗ್ ಬಗ್ಗೆ ಇಷ್ಟೇ ಮಾತು: 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಆದ್ದರಿಂದ ಬ್ಯಾಟರಿಯಿಂದ ಪ್ರತ್ಯೇಕ ತಂತಿ, 15 ಆಂಪಿಯರ್ ಫ್ಯೂಸ್ ಮತ್ತು ರಿಲೇ (ಸಣ್ಣ ಸ್ವಿಚ್ಚಿನಿಂದ ಹೆಚ್ಚಿನ ವಿದ್ಯುತ್ತನ್ನು ಆಡಿಸುವ ಸಾಧನ) ಇಲ್ಲದೆ, ಇರುವ ಹೆಡ್‌ಲೈಟ್ ತಂತಿಯನ್ನೇ ಸುಲಿದು ಜೋಡಿಸುವವರ ಕೈಗೆ ಗಾಡಿ ಕೊಡಬೇಡಿ. ತೊರೆ ದಾಟುವ ಗಾಡಿಯ ದೀಪಕ್ಕೆ ಐಪಿ67 ದರ್ಜೆ ಕನಿಷ್ಠ. ಅದರರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದು. ಬಾನೆಟ್ ಮೇಲಿನ ಎಲ್‌ಇಡಿ ಬಾರುಗಳನ್ನು ಊರಿನ ರಸ್ತೆಯಲ್ಲಿ ಹೊತ್ತಿಸುವವರ ಮೇಲೆ 2024ರ ಜುಲೈಯಿಂದ ರಾಜ್ಯದ ಪೊಲೀಸರು ಪ್ರಕರಣ ದಾಖಲಿಸುತ್ತಿರುವುದೂ ಗಮನದಲ್ಲಿರಲಿ.

ಬಂಪರಿಗೆ ಬಂದರೆ, ಮೊದಲು ಕಾನೂನು. ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಅಥವಾ ಬುಲ್ ಬಾರ್ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆಯಿತು; ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು; ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ₹5,000 ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಹಾಗಾಗಿ ಏನನ್ನೇ ಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರೆದು, ಉತ್ತರವನ್ನು ಕಾಗದದಲ್ಲಿ ಪಡೆಯಿರಿ. ‘ನಮ್ಮ ಗಾಡಿ ತೋಟದೊಳಗೇ ಓಡುವುದು’ ಎನ್ನುವವರು ಶುಕ್ರವಾರ ಸಂತೆಗೆ ಯಾವ ಗಾಡಿಯಲ್ಲಿ ಹೋಗುತ್ತಾರೆಂಬುದನ್ನು ತಾವೇ ನೆನಪಿಸಿಕೊಳ್ಳಬೇಕು.

ಕಾಟಿ (ಕಾಡುಕೋಣ) ಅಡ್ಡ ಬಂದರೆ ಗತಿಯೇನು ಎಂಬುದು ಕಬ್ಬಿಣದ ಬಂಪರಿನ ಪರವಾಗಿ ಸದಾ ಕೇಳಿಬರುವ ವಾದ. ಬಲಿತ ಗಂಡು ಕಾಟಿ ಸಾವಿರ ಕಿಲೋದ ಹತ್ತಿರ ತೂಗಬಹುದು. ಕಂಪನಿಯ ಬಂಪರಿನ ಹಿಂದಿರುವ ಭಾಗಗಳು ಮುದುಡಿಕೊಂಡು ಪೆಟ್ಟನ್ನು ನುಂಗಲೆಂದೇ ಇರುವಂಥವು. ಚಾಸಿಸ್ಸಿಗೆ ನೇರವಾಗಿ ಬಿಗಿದ ಗಟ್ಟಿ ಕೊಳವೆ ಅದೇ ಪೆಟ್ಟನ್ನು ಚಾಸಿಸ್ಸಿಗೂ ಒಳಗೆ ಕುಳಿತವರ ಕತ್ತಿಗೂ ದಾಟಿಸುತ್ತದೆ, ಏರ್‌ಬ್ಯಾಗಿನ ಸೆನ್ಸರ್ ಕೆಲಸ ಮಾಡುವ ಹೊತ್ತನ್ನೂ ಏರುಪೇರು ಮಾಡಬಹುದು. ದಾರಿಹೋಕನಿಗೆ ಆಗುವ ಅಪಾಯ ಬೇರೆ. ಅನುಮತಿ ಸಿಗುವ ಬಂಪರನ್ನೇ ಆರಿಸುವುದಾದರೂ ನಿಮ್ಮದೇ ಮಾದರಿಯ ಏರ್‌ಬ್ಯಾಗಿನೊಂದಿಗೆ ಪರೀಕ್ಷಿಸಿದ ದಾಖಲೆಯನ್ನು ಕೇಳಿ. ರೇಡಿಯೇಟರಿಗೂ ಇಂಟರ್‌ಕೂಲರಿಗೂ ಗಾಳಿ ಹೋಗುವ ದಾರಿಗೆ ವಿಂಚಾಗಲಿ (ಹೂತ ಗಾಡಿಯನ್ನು ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ದೀಪವಾಗಲಿ ಅಡ್ಡವಾಗಿದೆಯೇ ಎಂದು ನೋಡಿ. ನಮ್ಮ ತೋಟದ ರಸ್ತೆಗಳಿಗೆ ನಿಜವಾಗಿ ಬೇಕಾದದ್ದು ಬೇರೆಯೇ: ಎಂಜಿನ್ ಅಡಿಗೆ ದಪ್ಪ ತಗಡಿನ ಸ್ಕಿಡ್ ಪ್ಲೇಟ್, ಚಾಸಿಸ್ಸಿಗೆ ಬೋಲ್ಟಿನಿಂದ ಬಿಗಿದ ಎಳೆಯುವ ಕೊಕ್ಕೆ. ಕೆಸರಿನಲ್ಲಿ ಹೂತ ಗಾಡಿಯನ್ನು ಬಂಪರಿಗೆ ಹಗ್ಗ ಕಟ್ಟಿ ಎಳೆದು, ಬಂಪರ್ ಮಾತ್ರ ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ತೂಕ. ಬಂಪರೂ ವಿಂಚೂ ಸೇರಿ 70 ಕಿಲೋ ಆಯಿತೆಂದುಕೊಳ್ಳಿ. ಈ ಭಾರ ಮುಂದಿನ ಆಕ್ಸಲಿಗಿಂತ ಸುಮಾರು 90 ಸೆಂಟಿಮೀಟರ್ ಮುಂದಕ್ಕೆ ನೇತಾಡುತ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ ಈ ಪಿಕಪ್‌ಗಳಲ್ಲಿ ಸುಮಾರು 3.1 ಮೀಟರ್. ಸನ್ನೆಗೋಲಿನ ಲೆಕ್ಕದಲ್ಲಿ ಮುಂದಿನ ಆಕ್ಸಲಿನ ಮೇಲೆ ಬೀಳುವುದು 70 ಅಲ್ಲ, 90 ಕಿಲೋ. ಹಿಂದಿನ ಆಕ್ಸಲ್ 20 ಕಿಲೋ ಹಗುರಾಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಒದ್ದೆ ರಸ್ತೆಯಲ್ಲಿ ಹೇಗೂ ಜಾರುವಂಥದ್ದು, ಇದರಿಂದ ಇನ್ನಷ್ಟು ಜಾರುತ್ತದೆ. ಆದ್ದರಿಂದ ಲಿಫ್ಟ್ ಕಿಟ್ ವಿಚಾರಿಸುವ ಮುನ್ನ ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು, ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಹಿಂದಿನವನ್ನು ಮಾತ್ರ ಒಮ್ಮೆ, ಖಾಲಿಯಾಗಿ ಮತ್ತು ಎಂದಿನ ಹೊರೆಯೊಂದಿಗೆ ತೂಗಿಸಿ ಬರೆದಿಟ್ಟುಕೊಳ್ಳಿ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಮುಂತಾದ ಆಸ್ಟ್ರೇಲಿಯದ ಕಿಟ್‌ಗಳಲ್ಲಿ ಸ್ಪ್ರಿಂಗುಗಳು ಹೊರೆಗೆ ತಕ್ಕಂತೆ ಬೇರೆ ಬೇರೆ ಬಿಗಿಯಲ್ಲಿ ಸಿಗುತ್ತವೆ, ನಿಮ್ಮ ಚೀಟಿಯಲ್ಲಿರುವ ಅಂಕಿಯಿಲ್ಲದೆ ಸರಿಯಾದುದನ್ನು ಆರಿಸಲಾಗದು. ವರ್ಷಕ್ಕೆ ಎರಡು ತಿಂಗಳು ಕಾಫಿ ಮೂಟೆ ಹೇರುವವರು ಹಿಂದಕ್ಕೆ ಅತಿ ಬಿಗಿಯಾದ ಪಟ್ಟಿ (ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗ್) ಹಾಕಿಸಿದರೆ ಉಳಿದ ಹತ್ತು ತಿಂಗಳು ಬೆನ್ನುನೋವು ಖಚಿತ.

ಲಿಫ್ಟಿನಿಂದ ಏನು ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇದು ಚಾಸಿಸ್ಸನ್ನು ಎತ್ತುತ್ತದೆ, ಹಿಂದಿನ ಆಕ್ಸಲಿನ ನಡುವಿರುವ ಡಿಫರೆನ್ಷಿಯಲ್ಲಿನ (ಎರಡು ಚಕ್ರಗಳಿಗೂ ಶಕ್ತಿ ಹಂಚುವ ಗೇರುಗಳ) ಗುಂಡನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ನಡುವೆ ದಿಣ್ಣೆ ಎದ್ದ ಜೀಪ್ ರಸ್ತೆಯಲ್ಲಿ ಮೊದಲು ತಾಗುವುದು ಆ ಗುಂಡೇ, ಅದನ್ನು ಎತ್ತಬಲ್ಲದ್ದು ಟೈರ್ ಮಾತ್ರ. 255/60 ಆರ್18 (ಅಗಲ ಮಿಲಿಮೀಟರಿನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡದಲ್ಲಿ, ರಿಮ್ಮಿನ ವ್ಯಾಸ ಇಂಚಿನಲ್ಲಿ) ಟೈರಿನ ವ್ಯಾಸ ಸುಮಾರು 763 ಮಿಲಿಮೀಟರ್. 265/65 ಆರ್18 ಹಾಕಿದರೆ 802, ಅಂದರೆ ನೆಲದಿಂದ ಸಿಗುವ ಎತ್ತರ 19 ಮಿಲಿಮೀಟರ್ ಹೆಚ್ಚು, ಜೊತೆಗೆ ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿ ಶೇ 5ರಷ್ಟು ವೇಗವಾಗಿ ಓಡುತ್ತದೆ. ಟೈರಿನ ಗಾತ್ರ ಬದಲಿಸುವುದಕ್ಕೂ ಮೇಲೆ ಹೇಳಿದ ಅನುಮತಿಯ ಮಾತು ಅನ್ವಯಿಸುತ್ತದೆ.

ಅಷ್ಟಾದರೂ ಲಿಫ್ಟ್ ಬೇಕೆನಿಸಿದರೆ 40ರಿಂದ 50 ಮಿಲಿಮೀಟರಿಗೆ ನಿಲ್ಲಿಸಿ. ವಿ-ಕ್ರಾಸ್ ಮತ್ತು ಹೈಲಕ್ಸ್‌ಗಳ ಮುಂಭಾಗದಲ್ಲಿ ಎರಡು ಚಕ್ರಗಳೂ ಬಿಡಿಬಿಡಿಯಾಗಿ ಆಡುವುದರಿಂದ, ಅದಕ್ಕೂ ಮೇಲೆ ಎತ್ತಿದಂತೆ ಆಕ್ಸಲ್ ಶಾಫ್ಟಿನ ಕೋನ ಕಡಿದಾಗಿ ಚಕ್ರಕ್ಕೆ ಶಕ್ತಿ ದಾಟಿಸುವ ಸಿವಿ ಜಾಯಿಂಟಿನ ರಬ್ಬರ್ ಹರಿಯುತ್ತದೆ, ಚಕ್ರದ ಭಾಗವನ್ನು ಸಸ್ಪೆನ್ಷನ್ನಿನ ತೋಳಿಗೆ ಕೂಡಿಸುವ ಬಾಲ್ ಜಾಯಿಂಟ್ ತನ್ನ ಮಿತಿಗೆ ತಾಗುತ್ತದೆ, ಚಕ್ರ ತಿರುಗುವ ಅಕ್ಷದ ಓರೆಯಾದ ಕ್ಯಾಸ್ಟರ್ ಕೋನ ತಪ್ಪಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಗುತ್ತದೆ. ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟು ಎತ್ತರಿಸುವ ಅಗ್ಗದ ದಾರಿ ಹಳೆಯ ಶಾಕ್ ಅಬ್ಸಾರ್ಬರಿನ ಕೆಳಮುಖ ಆಟವನ್ನು ಕಸಿದುಕೊಳ್ಳುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಒಂದೇ ಕಿಟ್ಟಿನಿಂದ ಬದಲಿಸುವುದು ಸರಿ. ಹಿಂದೆ ಆಕ್ಸಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಡುವುದಕ್ಕಿಂತ ಹೊಸ ಪಟ್ಟಿಯ ಕಟ್ಟನ್ನೇ ಹಾಕಿಸಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹಂಚುವ ಕವಾಟವಿರುತ್ತದೆ. ಹಿಂಭಾಗ ಎತ್ತರವಾದಾಗ ಅದು ಗಾಡಿ ಖಾಲಿಯಿದೆಯೆಂದು ತಿಳಿದು ಬ್ರೇಕನ್ನು ಕುಗ್ಗಿಸುತ್ತದೆ, ಅದನ್ನು ಮರುಹೊಂದಿಸಲು ಬಾರದ ಗ್ಯಾರೇಜಿಗೆ ಈ ಕೆಲಸ ಒಪ್ಪಿಸಬಾರದು.

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅಂದೇ ರಾತ್ರಿ ಗಾಡಿಯನ್ನು ಮತ್ತೆ ಕಣದ ಗೋಡೆಯೆದುರು ನಿಲ್ಲಿಸಿ. ಮುಂಭಾಗ ಹಿಂಭಾಗಕ್ಕಿಂತ 40 ಮಿಲಿಮೀಟರ್ ಹೆಚ್ಚು ಎದ್ದಿದ್ದರೆ ಹೆಡ್‌ಲೈಟಿನ ಕಿರಣ 50 ಮೀಟರ್ ದೂರದಲ್ಲಿ ಹಿಂದಿಗಿಂತ ಸುಮಾರು 65 ಸೆಂಟಿಮೀಟರ್ ಮೇಲಕ್ಕೆ ಹೋಗಿರುತ್ತದೆ; ಡಿಪ್ಪಿನಲ್ಲಿದ್ದರೂ ಎದುರಿನ ಬೈಕ್ ಸವಾರನ ಕಣ್ಣು ಕತ್ತಲಾಗಲು ಅಷ್ಟು ಸಾಕು. ಹೆಡ್‌ಲೈಟ್ ಮತ್ತು ಫಾಗ್ ಲ್ಯಾಂಪ್ ಎರಡರ ಕಿರಣವನ್ನೂ ಹೊಸದಾಗಿ ಕೆಳಕ್ಕೆ ಹೊಂದಿಸಿಕೊಂಡು, ಸುಮಾರು 500 ಕಿಲೋಮೀಟರ್ ಓಡಿಸಿದ ಮೇಲೆ ಹಿಂದಿನ ಪಟ್ಟಿಯ ಯು-ಬೋಲ್ಟ್‌ಗಳನ್ನು ಬಿಗಿಯ ಅಳತೆ ತೋರಿಸುವ ಟಾರ್ಕ್ ಪಾನಾ ಹಿಡಿದು ಇನ್ನೊಮ್ಮೆ ಬಿಗಿಸಿ.