ಬಾಗಿದ ಅಣುಗಳ ಲಿಕ್ವಿಡ್ ಕ್ರಿಸ್ಟಲ್: ಪೀಕ್ ಎಣಿಸುವ ಮುಂಚೆ

ನನ್ನ ಸ್ಯಾಂಪಲ್ ಫೆರೋಎಲೆಕ್ಟ್ರಿಕ್ಕೋ, ಆಂಟಿಫೆರೋಎಲೆಕ್ಟ್ರಿಕ್ಕೋ? ಅಂದರೆ ಅಣುಗಳ ಪದರಗಳ ಧ್ರುವೀಕರಣ (ಪ್ಲಸ್ ಮೈನಸ್ ತುದಿಗಳು ಮುಖ ಮಾಡಿರುವ ದಿಕ್ಕು) ಎಲ್ಲ ಒಂದೇ ಕಡೆಗಿದೆಯೋ, ಪದರ ಬಿಟ್ಟು ಪದರ ಎದುರುಬದುರಾಗಿದೆಯೋ? ಬಾಳೆಹಣ್ಣಿನ ಹಾಗೆ ಬಾಗಿದ ಅಣುಗಳ ಲಿಕ್ವಿಡ್ ಕ್ರಿಸ್ಟಲ್ (ದ್ರವದ ಹಾಗೆ ಹರಿದರೂ ಅಣುಗಳು ಕ್ರಮವಾಗಿ ಜೋಡಿಸಿಕೊಂಡಿರುವ ವಸ್ತು) ಜೊತೆ ಕೆಲಸ ಮಾಡುವವರೆಲ್ಲ ಮೊದಲು ಕೇಳುವುದೇ ಇದು. ಉತ್ತರ ಅಷ್ಟು ಸುಲಭ ಅಲ್ಲ. 1996ರಲ್ಲಿ ಟೋಕಿಯೊದ ನಿಯೊರಿ ಮತ್ತು ಸಂಗಡಿಗರು ಇಂಥ ಒಂದು ವಸ್ತುವನ್ನು ಫೆರೋಎಲೆಕ್ಟ್ರಿಕ್ ಎಂದರು, ಮರುವರ್ಷವೇ ಅಮೆರಿಕದ ಬೋಲ್ಡರ್ ತಂಡ ಅದರ ಸಹಜ ಸ್ಥಿತಿ ಆಂಟಿಫೆರೋಎಲೆಕ್ಟ್ರಿಕ್ ಎಂದು ತೋರಿಸಿತು.

ನಾನು ಮಾಡುವ ರೀತಿ ಹೇಳ್ತೀನಿ. ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಲೇಪ, ಇದೇ ಎಲೆಕ್ಟ್ರೋಡ್) ಲೇಪಿಸಿದ ಎರಡು ಗಾಜುಗಳ ನಡುವೆ 5 ಮೈಕ್ರಾನ್ ಆಸುಪಾಸಿನ ಸಂದು ಇರುವ ಸೆಲ್ ತಗೊಳ್ಳುತ್ತೇನೆ. ಖಾಲಿ ಇರುವಾಗಲೇ ಅದರ ಕೆಪಾಸಿಟೆನ್ಸ್ ಅಳೆದು ಬರೆದಿಡುತ್ತೇನೆ, ಆಮೇಲೆ ಅಳೆಯೋಕೆ ಆಗಲ್ಲ ಅಲ್ವಾ. ವಸ್ತುವನ್ನು ಪೂರ್ತಿ ಕರಗಿಸಿ ಅಂಚಿಗೆ ಮುಟ್ಟಿಸಿದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ತಣಿಸುವುದು, ವೋಲ್ಟೇಜ್ ಕೊಟ್ಟುಕೊಂಡೇ.

ಈಗ ತ್ರಿಕೋನ ಅಲೆ (ಒಂದೇ ಸಮ ಏರಿ ಇಳಿಯುವ ವೋಲ್ಟೇಜ್) ಕೊಟ್ಟು, ಧ್ರುವೀಕರಣ ತಿರುಗುವಾಗ ಏಳುವ ಕರೆಂಟ್ ಪೀಕ್ ನೋಡಿ. ಅರ್ಧ ಸೈಕಲ್‌ನಲ್ಲಿ ಎರಡು ಪೀಕ್ ಬಂದರೆ ಆಂಟಿಫೆರೋ, ಒಂದೇ ಬಂದರೆ ಫೆರೋ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಫ್ರೀಕ್ವೆನ್ಸಿ ಜಾಸ್ತಿಯಾದರೆ ಅಣುಗಳಿಗೆ ಸಹಜ ಸ್ಥಿತಿಗೆ ಮರಳಲು ಪುರುಸೊತ್ತೇ ಸಿಗುವುದಿಲ್ಲ, ಎರಡು ಪೀಕ್ ಕೂಡಿಕೊಂಡು ಒಂದಾಗಿ ಕಾಣುತ್ತವೆ. ಅದಕ್ಕೇ ನಾನು ಅಲೆಯನ್ನು ಸೊನ್ನೆ ವೋಲ್ಟ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಮುಂದುವರಿಸುತ್ತೇನೆ. ಇನ್ನೊಂದು ಕಾಟ ಅಯಾನುಗಳದ್ದು. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅಗಲವಾದ ಒಂದು ದಿಬ್ಬ ಎದ್ದು ಪೀಕ್ ಥರಾನೇ ಕಾಣುತ್ತದೆ. ಕರಗಿದ ಸ್ಥಿತಿಯಲ್ಲೂ ಅದು ಇದ್ದರೆ ಅದು ಧ್ರುವೀಕರಣ ಅಲ್ಲವೇ ಅಲ್ಲ. ಇದನ್ನೆಲ್ಲ ಕಳೆದ ಮೇಲೆ ಅರ್ಧ ಸೈಕಲ್‌ನಲ್ಲಿ ಉಳಿದ ಪೀಕ್‌ಗಳ ಒಟ್ಟು ವಿಸ್ತೀರ್ಣವನ್ನು (ಕರೆಂಟ್-ಸಮಯ ಗ್ರಾಫ್‌ನಲ್ಲಿ) ಎಲೆಕ್ಟ್ರೋಡ್ ವಿಸ್ತೀರ್ಣದ ಎರಡರಷ್ಟರಿಂದ ಭಾಗಿಸಿದರೆ ಧ್ರುವೀಕರಣ ಸಿಗುತ್ತದೆ.

ಅಷ್ಟಾದರೂ ಕರೆಂಟ್ ಒಂದನ್ನೇ ನಂಬಬೇಡಿ. ಅದೇ ಹೊತ್ತಿಗೆ ಪೋಲರೈಸಿಂಗ್ ಮೈಕ್ರೋಸ್ಕೋಪ್‌ನಲ್ಲಿ (ಸ್ಯಾಂಪಲ್‌ನ ಎರಡೂ ಕಡೆ ಪೋಲರೈಸರ್ ಅನ್ನುವ ಬೆಳಕಿನ ಫಿಲ್ಟರ್ ಇರುವಂಥದ್ದು) ಕಣ್ಣಿಡಿ. ದುಂಡಗಿನ ಡೊಮೇನ್‌ಗಳ (ಪದರಗಳು ಒಂದೇ ಬಗೆಯಲ್ಲಿ ಜೋಡಿಸಿಕೊಂಡಿರುವ ಪುಟ್ಟ ಪ್ರದೇಶಗಳ) ಒಳಗೆ ಕಪ್ಪು ಶಿಲುಬೆ ಕಾಣುತ್ತದೆ. ವೋಲ್ಟೇಜ್ ಕೊಟ್ಟಾಗ ಅದು ಒಂದು ಕಡೆ ವಾಲಿ, ಸೊನ್ನೆಯಲ್ಲಿ ಪೋಲರೈಸರ್‌ಗಳ ದಿಕ್ಕಿಗೇ ಮರಳಿ, ಚಿಹ್ನೆ ತಿರುಗಿಸಿದಾಗ ಇನ್ನೊಂದು ಕಡೆ ವಾಲಿದರೆ ಅದು ಹೋಮೋಕೈರಲ್ ಆಂಟಿಫೆರೋ, ಅಂದರೆ ಎಡಗೈ ಬಲಗೈ ಹಾಗಿರುವ ಎರಡು ಬಗೆಗಳಲ್ಲಿ ಆ ಡೊಮೇನ್‌ನ ಪದರಗಳೆಲ್ಲ ಒಂದೇ ಬಗೆಯವು. ಪಕ್ಕದ ಡೊಮೇನ್‌ನಲ್ಲಿ ಶಿಲುಬೆ ಉಲ್ಟಾ ತಿರುಗಿದರೆ ಗಾಬರಿ ಬೇಡ. ಅಣುಗಳು ಕೈರಲ್ ಅಲ್ಲದಿದ್ದರೂ (ಅವಕ್ಕೆ ಎಡ ಬಲ ಭೇದ ಇಲ್ಲದಿದ್ದರೂ) ಪದರಗಳು ಎಡ ಬಲ ಎರಡೂ ಆಗಬಲ್ಲವು. ನನಗೆ ಈ ಕ್ಷೇತ್ರ ಹಿಡಿಸಿದ್ದೇ ಇದನ್ನು ಕಣ್ಣಾರೆ ನೋಡಿ. ವೋಲ್ಟೇಜ್ ಕೊಟ್ಟಾಗ ಶಿಲುಬೆ ಕದಲದೆ ಬಣ್ಣ ಮಾತ್ರ ಬದಲಾಗುವ ರೇಸಿಮಿಕ್ (ಎಡ ಬಲ ಪದರಗಳು ಒಂದು ಬಿಟ್ಟು ಒಂದು ಬರುವ) ಡೊಮೇನ್‌ಗಳೂ ಅದೇ ಸೆಲ್‌ನಲ್ಲಿ ಸಿಗಬಹುದು, ಆದ್ದರಿಂದ ಒಂದೇ ಜಾಗ ನೋಡಿ ತೀರ್ಮಾನ ಬರೆಯಬೇಡಿ, ಸ್ಟೇಜ್ ಸರಿಸಿ ನೋಡಿ.