ನಿನ್ನ ಹೆಸರೇನು? ಯಾಕೋಬನ ಕಥೆಯನ್ನು ಒಳಗಿಳಿಸಿಕೊಂಡು ಓದುವ ಬಗೆ

ಬೈಬಲ್ ಕಥೆಗಳನ್ನು ಒಳಗಿನ ಬದಲಾವಣೆಯ ಸಂಕೇತಗಳಾಗಿ ಓದಬೇಕೆನ್ನುವವರು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 32ನೇ ಅಧ್ಯಾಯದಿಂದ ಶುರುಮಾಡಿ. ನಾನು ಕಲಿತದ್ದು ಅಲ್ಲಿಂದಲೇ. ಆಗ ಅಕ್ಕನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ತೀರಿಕೊಂಡ ಅಮ್ಮನ ಎರಡು ಬಳೆಗಳ ವಿಷಯ.

ಮೊದಲ ಸಲ ಕಥೆಯಾಗಿಯೇ ಓದಿ. ಅಣ್ಣ ಏಸಾವ 400 ಜನರೊಂದಿಗೆ ಬರುತ್ತಿದ್ದಾನೆ. ಹಿಂದೆ ಅವನಿಗೆ ಮೋಸ ಮಾಡಿದ್ದ ಯಾಕೋಬ ಹೆದರಿ 220 ಆಡು, 220 ಕುರಿ, ಒಂಟೆ, ಹಸು, ಕತ್ತೆಗಳನ್ನು ಕಾಣಿಕೆಯಾಗಿ ಮುಂದೆ ಕಳಿಸುತ್ತಾನೆ. ಇವಕ್ಕೆಲ್ಲ ಒಳಾರ್ಥ ಹುಡುಕಬೇಡಿ, ಆಡು ಆಡಾಗಿಯೇ ಇರಲಿ. 24ನೇ ವಚನಕ್ಕೆ ಬಂದಾಗ ಪೆನ್ಸಿಲ್ ಗುರುತು ಹಾಕಿ. ಹೆಂಡಿರು, ಮಕ್ಕಳು, ಆಸ್ತಿ ಎಲ್ಲವೂ ಯಬ್ಬೋಕ್ ಹೊಳೆ ದಾಟಿದ ಮೇಲೆ ಅವನೊಬ್ಬನೇ ಉಳಿಯುವ ಜಾಗ ಅದು. ಅಲ್ಲಿಂದ ಮುಂದಿನದು ನಿಮ್ಮೊಳಗೇ ನಡೆಯುತ್ತಿದೆ ಎಂದುಕೊಂಡು ಓದಿ.

ಆ ಕತ್ತಲಲ್ಲಿ ಯಾರೋ ಒಬ್ಬ ಬೆಳಗಿನವರೆಗೆ ಯಾಕೋಬನೊಡನೆ ಸೆಣಸುತ್ತಾನೆ, ಅವನ ತೊಡೆಯ ಕೀಲು ಉಳುಕಿಸುತ್ತಾನೆ. ಆಮೇಲೆ ಕೇಳುತ್ತಾನೆ: ನಿನ್ನ ಹೆಸರೇನು? ಈಗ 27ನೇ ಅಧ್ಯಾಯಕ್ಕೆ ಹಿಂತಿರುಗಿ. ಕಣ್ಣು ಮಬ್ಬಾದ ತಂದೆ ನೀನು ಯಾರೆಂದು ಕೇಳಿದಾಗ, ಇದೇ ಯಾಕೋಬ ತಾನು ಏಸಾವನೆಂದು ಹೇಳಿ ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದ ಕದ್ದಿದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಕತ್ತಲಲ್ಲಿ ಅವನ ಬಾಯಿಂದ ನಿಜ ಹೊರಡುತ್ತದೆ: ಯಾಕೋಬ. ಆ ಹೆಸರಿನ ಅರ್ಥವೇ ಹಿಮ್ಮಡಿ ಹಿಡಿದವನು, ಮೋಸಗಾರ. ಇಸ್ರಾಯೇಲ್ ಎಂಬ ಹೊಸ ಹೆಸರು ಸಿಗುವುದು ಆ ಉತ್ತರದ ನಂತರವೇ. ಎಷ್ಟು ಸಲ ಓದಿದರೂ ನನಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ.

ರಾತ್ರಿ ದೀಪ ಆರಿಸಿ ಕಣ್ಣು ಮುಚ್ಚಿ. ಅರ್ಥ ಯೋಚಿಸಬೇಡಿ, ಮುಟ್ಟಿ ನೋಡಿ: ಕಾಲ ಕೆಳಗಿನ ಒದ್ದೆ ಮಣ್ಣು, ಹೆಗಲಿಗೆ ಹತ್ತಿದ ಇನ್ನೊಬ್ಬನ ಬೆವರು, ತೊಡೆಯ ಕೀಲು ಉಳುಕಿದ ನೋವು. ಹೆಸರು ಕೇಳಿದಾಗ ನಿಮ್ಮದನ್ನು ಹೇಳಿ. ನಾನು ಹಲವು ರಾತ್ರಿ ಬಾಯಿ ಬಿಡಲಿಲ್ಲ. ಕೊನೆಗೊಂದು ರಾತ್ರಿ ಹೇಳಿದೆ: ಬಳೆ ಬಚ್ಚಿಟ್ಟವಳು. ಅಮ್ಮ ನನಗೇ ಕೊಟ್ಟಳೆಂದು ಎಲ್ಲರನ್ನೂ ನಂಬಿಸಿದ್ದೆ.

ಹೀಗೆ ಓದಿದರೆ ಕಥೆ ಸುಳ್ಳಾಗುವುದೇ ಎಂದು ಅಂಜುವವರಿಗೆ ಒಂದು ಮಾತು. ಅಬ್ರಹಾಮನ ಹೆಂಡತಿ ಸಾರಳನ್ನೂ ಅವಳ ದಾಸಿ ಹಾಗರಳನ್ನೂ ಸಂಕೇತವಾಗಿ ಓದಿದವನು ಯೇಸುವಿನ ಅಪೊಸ್ತಲ ಪೌಲನೇ, ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ.

ಸೂರ್ಯ ಹುಟ್ಟುವಾಗ ಯಾಕೋಬ ಕುಂಟುತ್ತಾ ನಡೆಯುತ್ತಾನೆ. ಅದನ್ನು ಹಾರಿಸಬೇಡಿ, ಆ ಕುಂಟು ಹೆಜ್ಜೆಯನ್ನೂ ಕಲ್ಪನೆಯಲ್ಲಿ ಇಡಿ. ಏಸಾವ ಓಡಿಬಂದು ಅಪ್ಪಿಕೊಳ್ಳುವುದು ಆಮೇಲೆ, 33ನೇ ಅಧ್ಯಾಯದಲ್ಲಿ.

ನಾನು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆ. ಅಕ್ಕ ಬಾಗಿಲು ತೆರೆದಾಗ ಗಂಟು ಬಿಚ್ಚಲು ಬೆರಳು ಬರಲಿಲ್ಲ. ಅವಳೇ ಬಿಚ್ಚಿದಳು.