ವಾರಕ್ಕೊಂದೇ ಆಲ್ಬಮ್: ಹೊಸ ರಾಕ್ ಮತ್ತೆ ನನ್ನ ಕಿವಿಗೆ ಹತ್ತಿದ ಬಗೆ

ಕಳೆದ ವರ್ಷ ನಾನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮೂರು ಮೂರು ಸಲ ಕೇಳಿದ ಹೊಸ ಆಲ್ಬಮ್‌ಗಳು ನಲವತ್ತೊಂದೋ ನಲವತ್ತೆರಡೋ. ಅವುಗಳಲ್ಲಿ ಈಗಲೂ ತಾನಾಗಿ ಕೈ ಹೋಗುವಂಥವು ಹನ್ನೊಂದು. ಇದನ್ನು ಎದೆ ಉಬ್ಬಿಸಿ ಹೇಳಲು ಕಾರಣವಿದೆ. ನಲವತ್ತೇಳರ ಗಂಡಸಿಗೆ ಹೊಸ ರಾಕ್ ಸಂಗೀತ ಹಿಡಿಸುವುದು ಸಾಧ್ಯವೇ ಇಲ್ಲ, ಕಿವಿ ಕಾಲೇಜಿನಲ್ಲೇ ಬೀಗ ಹಾಕಿಕೊಂಡಿರುತ್ತದೆ ಎಂದು ಭಾನುವಾರದ ಕಾಫಿಗೆ ಸೇರುವ ನನ್ನ ಮೂವರು ಗೆಳೆಯರು ವರ್ಷಗಟ್ಟಲೆ ವಾದಿಸಿದ್ದರು. ಅವರ ಪ್ರಕಾರ ರಾಕ್ 1994ರಲ್ಲಿ ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೇನ್ ಜೊತೆಗೇ ತೀರಿಕೊಂಡಿತು. ಆಮೇಲೆ ನಡೆದದ್ದೆಲ್ಲ ತಿಥಿಯೂಟ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ನೋಡಿದ್ದೇ ತಮ್ಮ ಜೀವನದ ಕೊನೆಯ ಹೊಸ ಅನುಭವ ಎಂಬಂತೆ ಮಾತನಾಡುವವರು ಅವರು.

ಅವರ ಮಾತು ನಿಜವೇ ಇರಬೇಕು ಎಂದು ನನಗೂ ಅನ್ನಿಸಿದ ಕಾಲವಿತ್ತು. 2019ರ ಫೆಬ್ರವರಿಯಲ್ಲಿ ಇಂಟರ್ನೆಟ್ಟಿನಲ್ಲೇ ಹಾಡು ಕೇಳಿಸುವ ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈ ಭಾರತಕ್ಕೆ ಬಂದಾಗ ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಗೆ ಲೋಕವೇ ಸಿಕ್ಕಿತೆಂದು ಕುಣಿದಾಡಿದ್ದೆ. ಎಲ್ಲ ದೇಶಗಳಲ್ಲೂ ಹೊಸ ಆಲ್ಬಮ್ ಶುಕ್ರವಾರವೇ ಬಿಡುಗಡೆಯಾಗುವ ಪದ್ಧತಿ 2015ರ ಜುಲೈಯಿಂದ ಬಂದಿದೆಯಲ್ಲ, ಅಂದರೆ ಶುಕ್ರವಾರ ಬೆಳಗ್ಗೆ ಏಳುವಷ್ಟರಲ್ಲಿ ಎಲೆಯ ಮೇಲೆ ಎಲ್ಲವೂ ಒಟ್ಟಿಗೇ ಬಿದ್ದಿರುತ್ತಿತ್ತು. ಕೋಸಂಬರಿಯ ಮೇಲೆ ಪಾಯಸ, ಪಾಯಸದ ಮೇಲೆ ಸಾರು. ಶನಿವಾರ ರಾತ್ರಿಯ ಹೊತ್ತಿಗೆ ನನ್ನ ಪ್ಲೇಲಿಸ್ಟ್‌ನಲ್ಲಿ ನಾನೂರರ ಹತ್ತಿರ ಹಾಡುಗಳು. ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್ ಕೊಟ್ಟು ಮುಂದಕ್ಕೆ ಒತ್ತುತ್ತಿದ್ದೆ. ಎರಡು ವರ್ಷ ಹೀಗೆ ಮಾಡಿದ ಮೇಲೆ ನನಗೆ ನೆನಪಿದ್ದ ಹೊಸ ತಂಡಗಳು ಐದಕ್ಕಿಂತ ಹೆಚ್ಚಿರಲಿಲ್ಲ.

ತಪ್ಪು ಸ್ಟ್ರೀಮಿಂಗಿನದು ಎಂದುಕೊಂಡು ಎಲ್‌ಪಿ, ಅಂದರೆ ಹಳೆಯ ಕಾಲದ ಗ್ರಾಮಫೋನ್ ತಟ್ಟೆಗಳ ಕಡೆಗೆ ತಿರುಗಿದೆ. ಇದು ನನ್ನ ಅತ್ಯಂತ ದುಬಾರಿ ಮೂರ್ಖತನ. ಹಳೆಯ ಟರ್ನ್‌ಟೇಬಲ್‌ಗೆ ಹದಿನೆಂಟು ಸಾವಿರ, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಸೇರಿ ಮೂವತ್ತೈದೋ ಮೂವತ್ತಾರೋ ಸಾವಿರ, ಹೊರದೇಶದಿಂದ ತರಿಸಿದ ಹದಿಮೂರು ಎಲ್‌ಪಿಗಳಿಗೆ ಸುಂಕ, ಸಾಗಣೆ ಎಲ್ಲ ಸೇರಿ ಸರಾಸರಿ ಮೂರೂವರೆ ಸಾವಿರ. ಲಕ್ಷದ ಹತ್ತಿರ ಬಂತು. ಒಂದು ಎಲ್‌ಪಿ ಮನೆಗೆ ಬರುವಾಗಲೇ ಹಪ್ಪಳದಂತೆ ಅಲೆಅಲೆಯಾಗಿತ್ತು. ಕೊರಿಯರ್‌ನವರಿಗೆ ಫೋನ್ ಮಾಡಿದರೆ ‘ಡಬ್ಬಿ ಸರಿಯಾಗಿಯೇ ಇದೆಯಲ್ಲ’ ಎಂದರು. ಅದನ್ನು ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಮೇಲೆ ದೋಸೆ ಹಿಟ್ಟಿನ ಗ್ರೈಂಡರಿನ ಗುಂಡುಕಲ್ಲು ಹೇರಿ ಒಂದು ತಿಂಗಳು ಬಿಟ್ಟೆ. ಎಲ್‌ಪಿ ನೇರವಾಗಲಿಲ್ಲ, ದೋಸೆ ಮಾತ್ರ ನಿಂತುಹೋಯಿತು. ಕೊನೆಗೆ ಟರ್ನ್‌ಟೇಬಲ್ಲನ್ನು ಹನ್ನೊಂದು ಸಾವಿರಕ್ಕೆ ಮಾರಿದೆ. ಸ್ಪೀಕರ್ ಇನ್ನೂ ಇದೆ, ಅದರ ಮೇಲೆ ಮನಿಪ್ಲಾಂಟ್ ಇದೆ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಬನಶಂಕರಿಯಿಂದ ಕಾಡುಗೋಡಿಯವರೆಗೆ ಮೆಟ್ರೋದಲ್ಲೇ ಕಚೇರಿಗೆ ಹೋಗತೊಡಗಿದೆ. ಒಂದು ವಾರ ಮೊಬೈಲ್ ಡೇಟಾ ಕೈಕೊಟ್ಟಿತು. ಫೋನಿನಲ್ಲಿ ಮೊದಲೇ ಇಳಿಸಿಕೊಂಡಿದ್ದದ್ದು ಒಂದೇ ಆಲ್ಬಮ್. ಬೇರೆ ಗತಿಯಿಲ್ಲದೆ ಐದು ದಿನ ಅದನ್ನೇ ಕೇಳಿದೆ. ಮೊದಲ ದಿನ ಬೇಸರ, ಎರಡನೆಯ ದಿನ ಸಿಟ್ಟು. ಗುರುವಾರ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವಾಗ ಅದರ ನಾಲ್ಕನೆಯ ಹಾಡಿನ ಬೇಸ್ ಗಿಟಾರನ್ನು ಬಾಯಲ್ಲಿ ಗುನುಗುತ್ತಿದ್ದೆ. ಆಲ್ಬಮ್ ಯಾವುದೆಂದು ಹೇಳುವುದಿಲ್ಲ, ಅಷ್ಟೇನೂ ಒಳ್ಳೆಯದಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಕಾಲೇಜಿನ ದಿನಗಳಲ್ಲಿ ಒಂದು ಕ್ಯಾಸೆಟ್ಟಿಗೆ ತಿಂಗಳ ಪಾಕೆಟ್ ಮನಿ ಸುರಿದು, ಹಿಡಿಸದಿದ್ದರೂ ಹಿಡಿಸುವ ತನಕ ಕೇಳುತ್ತಿದ್ದೆನಲ್ಲ, ಆ ಕಿವಿ ಸತ್ತಿಲ್ಲ ಎಂದು ಅಂದು ತಿಳಿಯಿತು.

ಅಲ್ಲಿಂದ ಕ್ರಮ ಕಟ್ಟಿಕೊಂಡೆ. ಗುರುವಾರ ರಾತ್ರಿ ಮೂರು ಹೆಸರು ಬರೆದುಕೊಳ್ಳುತ್ತೇನೆ. ಶುಕ್ರವಾರ ಬೆಳಗ್ಗೆ ಮೂರರಿಂದಲೂ ತಲಾ ಎರಡು ಹಾಡು ಕೇಳಿ ಒಂದನ್ನು ಉಳಿಸಿಕೊಂಡು ಉಳಿದೆರಡನ್ನು ಅಳಿಸುತ್ತೇನೆ. ಅಳಿಸುವುದು ಮುಖ್ಯ, ‘ಆಮೇಲೆ ನೋಡೋಣ’ ಎಂಬ ಪಟ್ಟಿ ಇಟ್ಟವರು ಯಾರೂ ಆಮೇಲೆ ನೋಡಿದ್ದಿಲ್ಲ. ಉಳಿದ ಆಲ್ಬಮ್ಮಿನ ಮೊದಲ ಕೇಳುವಿಕೆ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುತ್ತಾ, ಸಣ್ಣ ದನಿಯಲ್ಲಿ, ಗಮನವಿಲ್ಲದೆ. ಎರಡನೆಯದು ಮೆಟ್ರೋದಲ್ಲಿ, ತಂತಿಯ ಇಯರ್‌ಫೋನಿನಲ್ಲಿ, ಫೋನ್ ಜೇಬಿನಲ್ಲಿಟ್ಟು. ಮೂರನೆಯದು ಅರ್ಧದಿಂದ ಶುರುಮಾಡಿ. ಏಕೆಂದರೆ ಈಗಿನ ತಂಡಗಳು ಗಿರಾಕಿ ಓಡಿಹೋಗದಿರಲೆಂದು ಚಂದದ ಸರಕನ್ನೆಲ್ಲ ಮೊದಲ ಮೂರು ಹಾಡುಗಳಲ್ಲಿ ಸುರಿದಿರುತ್ತವೆ. ಏಳನೆಯ ಹಾಡಿನ ಹೊತ್ತಿಗೆ ಕೇಳುವವನ ಕಿವಿ ದಣಿದಿರುತ್ತದೆ. ಏಳರಿಂದ ಶುರುಮಾಡಿದರೆ ಬೇರೆಯೇ ಆಲ್ಬಮ್ ಸಿಗುತ್ತದೆ. ಮೂರು ಮುಗಿಯುವವರೆಗೆ ಒಬ್ಬರ ವಿಮರ್ಶೆಯನ್ನೂ ಓದುವುದಿಲ್ಲ.

ಆ ಮೂರು ಹೆಸರು ಎಲ್ಲಿಂದ ಬರುತ್ತವೆ ಎಂದು ಎಲ್ಲರೂ ಕೇಳುತ್ತಾರೆ. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋದ ಸ್ಟುಡಿಯೋದಲ್ಲಿ ನಡೆಯುವ ಸಂಗೀತ ಕಛೇರಿಗಳು, ಬಿಬಿಸಿಯ 6 ಮ್ಯೂಸಿಕ್ ರೇಡಿಯೋ, ಇವು ನಿಮಗೂ ಗೊತ್ತಿರುವವೇ. ಇನ್ನೆರಡು ಮೂಲಗಳಿವೆ, ಅವನ್ನು ಹೆಂಡತಿಗೂ ಹೇಳಿಲ್ಲ.

ಸಿಂಗಲ್‌ಗಳನ್ನು ಕೇಳಬಾರದು ಎನ್ನುವ ಇನ್ನೊಂದು ನಿಯಮಕ್ಕೆ ಅತಿ ಹೆಚ್ಚು ಗೇಲಿ ಎದುರಿಸಿದ್ದೇನೆ. ಆಲ್ಬಮ್ ಬರುವ ನಾಲ್ಕೈದು ತಿಂಗಳ ಮೊದಲಿನಿಂದಲೇ ಒಂದೊಂದಾಗಿ ಹಾಡು ಬಿಡುವುದು ಈಗಿನ ರೂಢಿ. ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ತಂಡವನ್ನು ನಾನು 2019ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗಲೇ ಗುರುತಿಸಿದ್ದೆ, ಇದನ್ನು ಇಲ್ಲಿ ದಾಖಲಿಸಲೇಬೇಕು. ಅವರ ಗಾಯಕ ಗ್ರಿಯಾನ್ ಚಾಟನ್ ತನ್ನ ಡಬ್ಲಿನ್ ಉಚ್ಚಾರವನ್ನು ಒಂದಿಷ್ಟೂ ಮುಚ್ಚಿಡದೆ ಹಾಡುತ್ತಾನೆ, ನಮ್ಮ ಧಾರವಾಡದವರು ಬೆಂಗಳೂರಿಗೆ ಬಂದರೂ ತಮ್ಮ ಮಾತನ್ನು ಬಿಡದ ಹಾಗೆ. 2024ರ ಆಗಸ್ಟ್‌ನಲ್ಲಿ ಅವರ ‘ರೊಮಾನ್ಸ್’ ಆಲ್ಬಮ್ ಬಂತು. ಅದರ ಮೊದಲ ಸಿಂಗಲ್ ಏಪ್ರಿಲ್‌ನಲ್ಲೇ ಬಂದಿತ್ತು. ಆ ಹಾಡಿನಲ್ಲಿ ಗಾಯಕ ಉಸಿರು ಕಟ್ಟಿದವನಂತೆ ಜೋರಾಗಿ ಗಾಳಿ ಒಳಗೆಳೆಯುತ್ತಾನೆ. ನನ್ನ ಗೆಳೆಯರಲ್ಲೊಬ್ಬ ಅದನ್ನು ನಾಲ್ಕು ತಿಂಗಳು ಕೇಳಿ ಕೇಳಿ, ಆಲ್ಬಮ್ ಬಂದ ದಿನ ‘ಹಳಸಿದೆ’ ಎಂದ. ನಾನು ಏಪ್ರಿಲ್‌ನಿಂದ ಕಿವಿ ಮುಚ್ಚಿಕೊಂಡಿದ್ದೆ. ಆಗಸ್ಟ್‌ನಲ್ಲಿ ಎರಡನೆಯ ಹಾಡಾಗಿ ಆ ಉಸಿರು ಕೇಳಿದಾಗ ರೈಲಿನಲ್ಲಿ ನನ್ನ ಹಿಂದೆ ಯಾರೋ ಒದ್ದಾಡುತ್ತಿದ್ದಾರೆಂದು ತಿರುಗಿ ನೋಡಿದೆ. ಅದೇ ತಿಂಗಳು ದೆಹಲಿಯ ‘ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ’ ಎಂಬ ತಂಡದ ಹೊಸ ಆಲ್ಬಮ್ ಕೂಡ ಬಂದಿತ್ತು. ಅಂಥ ಆಗಸ್ಟ್ ಮತ್ತೆ ಬಂದಿಲ್ಲ.

ಕ್ರಮ ನಿಜಕ್ಕೂ ಕೆಲಸ ಮಾಡುತ್ತದೆಂದು ನನಗೆ ಖಾತ್ರಿಯಾದದ್ದು ಆ ನವೆಂಬರ್‌ನಲ್ಲಿ. ಇಂಗ್ಲೆಂಡಿನ ಹಳೆಯ ತಂಡ ದಿ ಕ್ಯೂರ್ ಹದಿನಾರು ವರ್ಷಗಳ ಮೇಲೆ ಹೊಸ ಆಲ್ಬಮ್ ತಂದಿತ್ತು: ಎಂಟೇ ಹಾಡು, ಹತ್ತಿರಹತ್ತಿರ ಐವತ್ತು ನಿಮಿಷ. ಮೊದಲ ಹಾಡಿನಲ್ಲಿ ಮೂರು ನಿಮಿಷ ಕಳೆದರೂ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಿಲ್ಲ. ಅಡುಗೆಮನೆಯಲ್ಲಿ ಕೇಳುವಾಗ ಫೋನ್ ಕೆಟ್ಟಿತೇ ಎಂದು ಎರಡು ಸಲ ನೋಡಿದೆ. ಮೆಟ್ರೋದಲ್ಲಿ ಮೆಜೆಸ್ಟಿಕ್‌ನಿಂದಲೇ ಶುರುಮಾಡಿದೆ. ಸುರಂಗದ ಗದ್ದಲ ಆ ನಿಧಾನದ ಡ್ರಮ್ಸ್‌ನ ಸುತ್ತಲಿನ ಮೌನವನ್ನೆಲ್ಲ ನುಂಗಿಹಾಕಿತು. ಮೂರನೆಯ ಸಲ, ಈ ಆಲ್ಬಮ್ಮಿಗೆ ಮಾತ್ರ ಅರ್ಧದಿಂದ ಶುರುಮಾಡುವ ನಿಯಮ ಮುರಿದು, ರೈಲು ಕಬ್ಬನ್ ಪಾರ್ಕ್ ನಿಲ್ದಾಣ ಬಿಟ್ಟ ಮೇಲೆ ಒತ್ತಿದೆ. ಸುರಂಗ ಮುಗಿದು ರೈಲು ಬೆಳಕಿಗೆ ಏರಿತು, ಎಂ.ಜಿ. ರಸ್ತೆಯಲ್ಲಿ ಬಾಗಿಲು ತೆರೆದು ಮುಚ್ಚಿತು, ಗಿಟಾರು ಮತ್ತು ಕೀಬೋರ್ಡು ಒಂದರ ಮೇಲೊಂದು ಮೋಡದಂತೆ ಒಟ್ಟುತ್ತಲೇ ಇದ್ದವು. ಟ್ರಿನಿಟಿಯ ಹತ್ತಿರ ಆ ದನಿ ಬಂತು. ಕಾಲೇಜಿನಲ್ಲಿ ಕೇಳಿದ್ದ ಅದೇ ದನಿ, ವಯಸ್ಸಾಗಿದೆ, ಆದರೆ ನಡುಗಿಲ್ಲ. ಇಂದಿರಾನಗರದಲ್ಲಿ ಹತ್ತಿದ ಹುಡುಗಿಯೊಬ್ಬಳು ನನಗೆ ಸೀಟು ಬಿಟ್ಟುಕೊಟ್ಟಳು. ನನ್ನ ಮುಖ ಹೇಗಿತ್ತೋ.

ಸೋತದ್ದನ್ನೂ ಹೇಳುತ್ತೇನೆ. ಅದೇ ವರ್ಷ ಬಂದ ಸಿಂಡಿ ಲೀಯ ‘ಡೈಮಂಡ್ ಜುಬಿಲಿ’ ಮೂವತ್ತೆರಡು ಹಾಡು, ಎರಡು ಗಂಟೆ. ಆರಂಭದಲ್ಲಿ ಸ್ಟ್ರೀಮಿಂಗ್ ಸೇವೆಗಳಲ್ಲಿ ಇರಲೇ ಇಲ್ಲ. ಯೂಟ್ಯೂಬ್‌ನಲ್ಲಿ ಒಂದೇ ಉದ್ದದ ವಿಡಿಯೋ, ಇಲ್ಲವೇ ಫೈಲ್ ಇಳಿಸಿಕೊಳ್ಳಬೇಕು. ಮೆಟ್ರೋ ಲೆಕ್ಕಕ್ಕೆ ಅದು ಬಗ್ಗಲಿಲ್ಲ. ಮೂರು ಶುಕ್ರವಾರ ವ್ಯರ್ಥವಾದವು. ಕೊನೆಗೆ ಶಿರಸಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ, ತುಮಕೂರು ದಾಟಿ ದೀಪ ಆರಿಸಿದ ಮೇಲೆ ಕೇಳಿದೆ. ಯಾವುದೋ ಹಳೆಯ ರೇಡಿಯೋ ಸ್ಟೇಷನ್ ದೂರದಿಂದ ಬಂದು ಹೋಗುತ್ತಿರುವಂತೆ ಇತ್ತು. ಅರ್ಧದಲ್ಲಿ ನಿದ್ದೆ ಹೋದೆ, ಎದ್ದಾಗಲೂ ಅದು ನಡೆಯುತ್ತಿತ್ತು, ಅದೇ ಸರಿ ಅನ್ನಿಸಿತು. ಹಾಗಾಗಿ ಎಪ್ಪತ್ತು ನಿಮಿಷ ಮೀರಿದ್ದೆಲ್ಲ ಈಗ ಬಸ್ಸಿಗೆ ಮೀಸಲು. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುತ್ತೇನೆ, ಎಂಟು ಪ್ರಯಾಣ, ಸಾಕು.

ಹಾಡಿನ ಸಾಹಿತ್ಯ ಅಚ್ಚುಹಾಕಿಸಿ ಓದುತ್ತಾ ಕೇಳಿದ್ದು ಪೂರ್ತಿ ನೆಲಕಚ್ಚಿತು, ಪರೀಕ್ಷೆಗೆ ಕೂತಂತಾಯಿತು. ಮಗಳಿಂದ ಹೆಸರು ಹೇಳದೆ ಹಾಡು ಹಾಕಿಸಿಕೊಂಡು ಯಾವ ತಂಡವೆಂದು ಹೇಳುವ ಆಟದಲ್ಲಿ ಹತ್ತಕ್ಕೆ ಮೂರು ಸರಿ. ಅವಳು ನಗುವುದು ನಿಲ್ಲಿಸಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವುದು ಮಾತ್ರ ಫಲ ಕೊಟ್ಟಿತು. ಬಹುಪಾಲು ರಾಕ್ ಆದಿತಾಳದ ಬೆರಳಿಗೆ ತಕರಾರಿಲ್ಲದೆ ಕೂರುತ್ತದೆ. ದಿ ಸ್ಮೈಲ್ ಥರದ ತಂಡಗಳ ಹಾಡಿನಲ್ಲಿ ಬೆರಳು ಜಾರುತ್ತದೆ, ಎಲ್ಲಿ ಜಾರಿತೆಂದು ಹುಡುಕುವುದರಲ್ಲೇ ಹಾಡು ಒಳಗಿಳಿಯುತ್ತದೆ. ಒಂದು ದಿನ ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ನನ್ನ ಕೈ ನೋಡಿ ‘ಮಿಶ್ರಛಾಪುವೇ? ಯಾರ ಹತ್ತಿರ ಪಾಠ?’ ಎಂದು ಕೇಳಿದರು. ಏನು ಹೇಳಲಿ.

ಈಗ ದುಡ್ಡು. ಎರಡು ತಿಂಗಳು ಕಳೆದರೂ ಕೈಬಿಡದ ಆಲ್ಬಮ್ ಸಿಕ್ಕರೆ, ತಂಡಗಳು ತಮ್ಮ ಹಾಡನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಕೊಳ್ಳುತ್ತೇನೆ, ಏಳರಿಂದ ಹತ್ತು ಡಾಲರ್. ಮಾಮೂಲಿ ದಿನಗಳಲ್ಲಿ ಡಿಜಿಟಲ್ ಮಾರಾಟದಲ್ಲಿ ಅವರು ಶೇ. 15 ಹಿಡಿದುಕೊಳ್ಳುತ್ತಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ ಕೆಲವು ಶುಕ್ರವಾರ ತಮ್ಮ ಪಾಲು ಬಿಟ್ಟುಕೊಡುವ ಕ್ರಮ ತಂದರು, ಅದು ಇನ್ನೂ ನಡೆಯುತ್ತಿದೆ. ನಾನು ಒಂದಿಡೀ ವರ್ಷ ಆ ಶುಕ್ರವಾರಗಳಂದು ಬೆಳಗ್ಗೆ ಏಳಕ್ಕೇ ಎದ್ದು ಭಕ್ತಿಯಿಂದ ಕೊಂಡೆ. ಅವರ ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯದು ಎಂದು ಆಮೇಲೆ ತಲೆಗೆ ಹೊಳೆಯಿತು. ನಮ್ಮ ಶುಕ್ರವಾರ ಬೆಳಗ್ಗೆ ಅಲ್ಲಿನ್ನೂ ಗುರುವಾರ ಸಂಜೆ. ನಾವು ಕೊಳ್ಳಬೇಕಾದದ್ದು ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಮೇಲೆ, ಚಳಿಗಾಲದಲ್ಲಿ ಒಂದೂವರೆಯ ಮೇಲೆ. ಶನಿವಾರ ಅದೇ ಹೊತ್ತಿನವರೆಗೆ ಕಾಲಾವಕಾಶ ಇರುತ್ತದೆ. ಈಗ ಕಚೇರಿಯ ಕ್ಯಾಂಟೀನಿನಲ್ಲಿ ಮೊಸರನ್ನ ಮುಂದಿಟ್ಟುಕೊಂಡು ಕೊಳ್ಳುತ್ತೇನೆ. ಕಳೆದ ವರ್ಷ ಹದಿನಾಲ್ಕು ಆಲ್ಬಮ್, ಒಟ್ಟು ಹತ್ತು ಸಾವಿರದ ಆಸುಪಾಸು. ಎಲ್‌ಪಿ ಹುಚ್ಚಿನ ಕಾಲದಲ್ಲಿ ಇದು ಮೂರು ತಟ್ಟೆಯ ಬೆಲೆ.

ನಾಲ್ಕನೆಯ ಸಲ ಯಾವಾಗ ಕೇಳಬೇಕು ಎನ್ನುವುದಕ್ಕೂ ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ‘ಹಳಸಿದೆ’ ಎಂದಿದ್ದ ಗೆಳೆಯ ಎರಡು ತಿಂಗಳಿಂದ ಪ್ರತಿ ಗುರುವಾರ ರಾತ್ರಿ ಒಂಬತ್ತೂವರೆಗೆ ಏನೋ ನೆಪ ಮಾಡಿ ಫೋನ್ ಮಾಡುತ್ತಿದ್ದಾನೆ. ಮೊನ್ನೆ ಕಾರಿನ ವಿಮೆಯ ಬಗ್ಗೆ ಕೇಳಿದ, ಹದಿನೈದು ನಿಮಿಷ ಮಾತನಾಡಿದ, ಇಡುವ ಮೊದಲು ‘ಮತ್ತೆ, ನಾಳೆ ಯಾವುದು?’ ಎಂದ. ಮೂರರಲ್ಲಿ ನಾನು ಅಳಿಸಬಹುದು ಎಂದುಕೊಂಡಿದ್ದ ಒಂದರ ಹೆಸರು ಹೇಳಿದೆ. ಶನಿವಾರ ಅವನು ಅದನ್ನು ಹೊಗಳಿ ಹೊಗಳಿ ಸಂದೇಶ ಕಳಿಸಿದ್ದಾನೆ. ನಾನು ಅಳಿಸಿಬಿಟ್ಟಿದ್ದೆ, ಈ ವಾರದ ಮೆಟ್ರೋಗೆ ಅದನ್ನೇ ಮತ್ತೆ ಇಳಿಸಿಕೊಂಡಿದ್ದೇನೆ.